ಗಾಳಿಯ ಮೇಲೆ ಗಂಡನ ಹೆಸರು

ಮೊನ್ನೆ ದಾಂಡೇಲಿಯ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ನಿಂತಿದ್ದೆ. ಗಣೇಶಗುಡಿಯ ಕಡೆ ಹೊರಟ ಜೀಪೊಂದು ಬಂದು ನಿಂತಿತು. ಹಿಂದಿನ ಗಾಜಿನ ಮೇಲೆ ವಿ, ಯು, ಎರಡು, ಆಮೇಲೆ ಇನ್ನೂ ಮೂರು ಇಂಗ್ಲಿಷ್ ಅಕ್ಷರ. ಚಹಾದವನು ಬಗ್ಗಿ ನೋಡಿ, "ಈ ನಂಬರ್ ಎಲ್ಲೀ ಪಾಸಿಂಗ್‌ರೀ ಅಕ್ಕಾರ?" ಎಂದ.

"ಗಾಡೀದಲ್ಲಪಾ, ಮನಷ್ಯಾರದು," ಎಂದೆ. ಅವನು ನನ್ನನ್ನು ನೋಡಿದ ನೋಟಕ್ಕೆ ಹೆದರಿ ಗ್ಲಾಸು ಹಿಡಿದು ಆಚೆ ಸರಿದೆ.

ನೀವಾದರೂ ಕೇಳಿ. ಮನೆಯಲ್ಲಿ ಸೆಟ್ಟು ಇಟ್ಟುಕೊಂಡು ದೂರದವರ ಜೊತೆ ಗಾಳಿಯಲ್ಲಿ ಮಾತಾಡುವ ಹ್ಯಾಮ್ ರೇಡಿಯೋದ ಹುಚ್ಚಿನವರಿಗೆ ಸರಕಾರ ಪರವಾನಗಿಯ ಜೊತೆಗೆ ಕೊಡುವ ಕರೆಹೆಸರು ಅದು. ನನಗೆ ಇದೆಲ್ಲ ತಿಳಿದದ್ದು ಹಳಿಯಾಳದ ಮಾಮಾನಿಂದ. ಮಾಮಾ ಎಂದರೆ ನನ್ನ ಸೋದರತ್ತೆ ನೀಲವ್ವನ ಗಂಡ, ಅರಿವೆ ಅಂಗಡಿಯ ಗುರುಪಾದಪ್ಪ. ತೊಂಬತ್ತರ ದಶಕದಲ್ಲಿ ನಾನು ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಸೂಪಾ ಅಣೆಕಟ್ಟಿನ ಎಂಜಿನಿಯರರೊಬ್ಬರು ಮಾಮಾನಿಗೆ ಈ ಹುಚ್ಚು ಹತ್ತಿಸಿ ವರ್ಗವಾಗಿ ಹೋಗಿದ್ದರು. ಹತ್ತಿಸಿದವರು ಹೋದರು, ಹುಚ್ಚು ಉಳಿಯಿತು.

ಮಾಮಾ ಸೀರೆ ಮಡಚುತ್ತ ಪಾಠ ಹೇಳುತ್ತಿದ್ದರು. "ನೋಡವಾ, ಮೊದಲಿನ ಎರಡಕ್ಷರ ದೇಶದ್ದು. ಜಗತ್ತಿನ ದೇಶಗೋಳೆಲ್ಲಾ ಕೂತು ಹಂಚಿಕೊಂಡಾವ. ವಿ ಯು ಅಂದ್ರ ನಮ್ಮದು. ಆಮ್ಯಾಲಿನ ಅಂಕಿ ದರ್ಜಿ ಹೇಳತೈತಿ. ಎರಡು ದೊಡ್ಡವರದು, ಮೂರು ನಮ್ಮಂಥಾ ಹೊಸಬರದು. ಕಡೀಕಿನ ಮೂರಕ್ಷರ ಮಾತ್ರ ನಿನ್ನವು. ಅಷ್ಟೂ ಕೂಡಿಸಿದ್ರ ಭೂಮಿ ಮ್ಯಾಲೆ ಆ ಹೆಸರಿಂದು ಎರಡನೇ ಮನಷ್ಯಾ ಇರೂದಿಲ್ಲ."

ನಮ್ಮ ಕಾಲೇಜಿನಲ್ಲಿ ನನ್ನ ಹೆಸರಿನವರು ಒಂದೇ ಬೆಂಚಿನಲ್ಲಿ ಇಬ್ಬರಿದ್ದೆವು. ಹೀಗಾಗಿ ಈ ಮಾತು ನನಗೆ ಬಹಳ ಹಿಡಿಸಿತು. ಮಾಮಾ ಕಡೆಯ ಮೂರಕ್ಷರಕ್ಕೆ ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಇವುಗಳ ಮೊದಲಕ್ಷರಗಳೇ ಬೇಕೆಂದು ಅರ್ಜಿಯಲ್ಲಿ ಬರೆದರು. ಅವರ ಪುಣ್ಯಕ್ಕೆ ಅವು ಖಾಲಿ ಇದ್ದವು.

ಇಷ್ಟಕ್ಕೇ ಬಿಡಲಿಲ್ಲ, ಅತ್ತೆಯನ್ನೂ ಪರವಾನಗಿಯ ಪರೀಕ್ಷೆಗೆ ಓದಲು ಹಚ್ಚಿದರು. ಆಕೆ ರೊಟ್ಟಿ ಬಡಿಯುವಾಗ ಇವರು ಕಟ್ಟೆಯ ಮೇಲೆ ಕೂತು, ಅಕ್ಷರಗಳನ್ನು ಟಕಟಕ ಸದ್ದಿನಲ್ಲಿ ಹೇಳುವ ಮೋರ್ಸ್ ಕುಟ್ಟುತ್ತಿದ್ದರು. ಯಾಕೆ ಇಷ್ಟು ಹಟ ಎಂದು ಕೇಳಿದ್ದಕ್ಕೆ ಒಮ್ಮೆ ದನಿ ತಗ್ಗಿಸಿ ಹೇಳಿದರು: "ಲಗ್ನದಾಗ ಒಡಪು ಹಾಕಿ, ಪದ್ಯದಾಗ ಹೆಣೆದು ನನ್ನ ಹೆಸರು ಹೇಳಿದ್ಳಂತ. ಬಾಜಾದವರ ಗದ್ಲದಾಗ ನನಗ ಕೇಳಲೇ ಇಲ್ಲ. ಅವತ್ತಿನಿಂದ ಬರೇ 'ರೀ' ಅಂತಾಳ. ರೇಡಿಯೋದಾಗ ಮಾತಾಡಬೇಕಂದ್ರ ಮೊದಲು ಎದುರಿನವರ ಹೆಸರು ಹೇಳಬೇಕು, ಆಮ್ಯಾಲೆ ತಮ್ಮದು. ಕಾಯ್ದೇನೇ ಹಂಗೈತಿ. ತಿಳೀತಿಲ್ಲೋ?"

ನನಗೆ ತಿಳಿಯಿತು. ಹೆಂಡತಿಯ ಬಾಯಿಂದ ಹೆಸರು ಕೇಳಲು ಗಂಡನೊಬ್ಬ ದಿಲ್ಲಿಯ ಸರಕಾರದವರೆಗೂ ಹೋದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅನಮೋಡದ ಘಾಟು ಇಳಿದು ಗೋವಾಕ್ಕೆ ಹೋಗಿ ಇಬ್ಬರೂ ಪರೀಕ್ಷೆ ಬರೆದು ಬಂದರು. ವಾಪಸು ಬರುವಾಗ ಗಡಿಯ ನಾಕಾದಲ್ಲಿ ಗೋವಾದ ಸೆರೆಯ ಬಾಟಲಿ ಹುಡುಕುತ್ತಿದ್ದ ಪೊಲೀಸನಿಗೆ ಅತ್ತೆಯ ಚೀಲದಲ್ಲಿ ಸಿಕ್ಕದ್ದು ಮೋರ್ಸ್ ಕುಟ್ಟುವ ಕೀಲಿ ಮತ್ತು ಉಳಿದ ರೊಟ್ಟಿ. ತಿಂಗಳುಗಟ್ಟಲೆ ಕಾದ ಮೇಲೆ ಇಬ್ಬರಿಗೂ ಪರವಾನಗಿ ಬಂತು. ಇಬ್ಬರದೂ ವಿಯು ಮೂರು. ಮಾಮಾ ಮನೆಯಲ್ಲೊಂದು, ಅಂಗಡಿಯಲ್ಲೊಂದು ಸೆಟ್ಟು ಕೂಡಿಸಿದರು.

ತೊಡಕು ಶುರುವಾದದ್ದು ಆಮೇಲೆ. ಅತ್ತೆ ಮೈಕು ಹಿಡಿಯಲು ಒಲ್ಲೆ ಎಂದಳು. ಗಾಳಿಯಲ್ಲಿ ಅಕ್ಷರಗಳು ಸ್ಪಷ್ಟವಾಗಲೆಂದು ಜಿ ಎನ್ನುವ ಬದಲು ಗಾಲ್ಫ್ ಎನ್ನುತ್ತಾರೆ. ಮಾಮಾ ತಮ್ಮ ಮೊದಲಕ್ಷರದ ಆ ಗಾಲ್ಫನ್ನೇ ಹಿಡಿದು, "ಗಾಲ್ಫ್ ಅಂದ್ರ ಒಂದು ಆಟ ಅಷ್ಟ. ಅದು ನನ್ನ ಹೆಸರಲ್ಲ," ಎಂದು ವಾದಿಸಿದರು.

"ಗಾಲ್ಫ್ ಅಂದ್ರ ಯಾರಂತ ನನಗ ಗೊತ್ತಿಲ್ಲೇನ್ರಿ?" ಎಂದಳು ಅತ್ತೆ. ಒಳಗೆ ಕೂತಿದ್ದ ಮಾಮಾನ ತಾಯಿ, ಎಲ್ಲರೂ ಆಯಿ ಎನ್ನುವ ಮುದುಕಿ, ಜೋರಾಗಿ ಕೆಮ್ಮಿದಳು.

ಕೊನೆಗೆ ಅತ್ತೆಯೇ ಒಂದು ದಾರಿ ಹುಡುಕಿದಳು. ಬಾಯಿಂದ ಬೇಡ, ಬೆರಳಿನಿಂದಾದರೆ ಅಡ್ಡಿಯಿಲ್ಲವೆಂದು ಕೀಲಿ ಕುಟ್ಟಿ ಗಂಡನನ್ನು ಕರೆಯತೊಡಗಿದಳು. ಮಧ್ಯಾಹ್ನ ಅಂಗಡಿಯಲ್ಲಿ ಟಕಟಕ ಎಂದರೆ ಊಟಕ್ಕೆ ಬನ್ನಿ ಎಂದರ್ಥ. ಮಾಮಾ ಊಟಕ್ಕೇನೋ ಹೋಗುತ್ತಿದ್ದರು, ಆದರೆ ಮುಖ ಮಾತ್ರ ಗಂಟು. "ಟಕಟಕ ಅನ್ನೂದು ಹೆಸರೇನವಾ?" ಎಂದು ನನ್ನ ಹತ್ತಿರ ಗೋಳು.

ಒಂದು ರವಿವಾರ ಬೆಳಿಗ್ಗೆ ಮಾಮಾ ಅಂಗಡಿಯ ಸೆಟ್ಟು ಹೊತ್ತುಕೊಂಡು ಊರಾಚೆಯ ಗುಡ್ಡಕ್ಕೆ ಹೋದರು. ಬ್ಯಾಟರಿ ಹೊರುವ ಕೆಲಸ ನನ್ನದು. ಸುತ್ತಲಿನ ಊರುಗಳ ಹ್ಯಾಮ್‌ಗಳು ಒಬ್ಬೊಬ್ಬರಾಗಿ ಮಾತಿಗೆ ಬಂದರು. ಧಾರವಾಡದವರೊಬ್ಬರು, "ನಿಮ್ಮ ಮನಿಯವರೂ ಪಾಸಾಗ್ಯಾರಂತಲ್ರಿ, ದನೀನ ಇಲ್ಲ," ಎಂದರು. ಮಾಮಾ ಮನೆಯ ಕಡೆ ತಿರುಗಿ ಮೈಕಿನಲ್ಲಿ ಅತ್ತೆಯ ಕರೆಹೆಸರು ಕೂಗಿದರು. ಮತ್ತೊಮ್ಮೆ ಕೂಗಿದರು. ಬರೇ ಕರಕರ ಸದ್ದು. ನಾನು ಚಡಪಡಿಸುತ್ತಿದ್ದೆ. ಆಗ ಅತ್ತೆಯ ದನಿ, ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಬಂತು:

"ವಿಯು ನಮ್ಮ ದೇಶ, ಮೂರು ನಮ್ಮ ದರ್ಜಿ,
ಗುರುಪಾದಪ್ಪನವರ ಹೆಸರು ಹೇಳೂದು ನನ್ನ ಮರ್ಜಿ."

ಅದರ ಬೆನ್ನಿಗೇ ಗಂಡನ ಕರೆಹೆಸರು, ತನ್ನ ಕರೆಹೆಸರು, ಒಂದಕ್ಷರವೂ ತಪ್ಪದೆ. "ಓವರ್‌ರೀ," ಎಂದು ಮಾತಿನ ಸರದಿ ಬಿಟ್ಟುಕೊಟ್ಟಳು.

ಮಾಮಾ ಮೈಕು ಹಿಡಿದುಕೊಂಡು ಕೂತೇ ಇದ್ದರು. ಕಣ್ಣು ತುಂಬಿದ್ದವು. "ಮಾಮಾ, ಬಟನ್ ಒತ್ರಿ," ಎಂದೆ. ಒತ್ತಿದರು. ಒತ್ತಿ ಆ ಮನುಷ್ಯ ಏನೆಂದರು ಗೊತ್ತೇ?

"ಗದ್ಲ ಭಾಳ ಐತ್ರಿ. ಕೇಳಲಿಲ್ಲ. ಇನ್ನೊಮ್ಮೆ ಹೇಳ್ರಿ."

ಹಸಿ ಸುಳ್ಳು. ಅತ್ತೆ ಇನ್ನೊಮ್ಮೆ ಹೇಳಿದಳು. ಅದೂ ಕೇಳಿಸಲಿಲ್ಲ ಎಂದರು. ಮೂರನೆಯ ಸಲಕ್ಕೆ ಅತ್ತೆಯ ಹಿಂದಿನಿಂದ ಆಯಿಯ ದನಿ: "ಅವಗ ಕೇಳೈತಿ, ಬಿಡು. ನನಗ ಹೇಳ ಇನ್ನೊಮ್ಮೆ." ಧಾರವಾಡದವರು ನಡುವೆ ಬಂದು, "ಈ ಸೆಟ್ಟಿನ್ಯಾಗ ಹಾಡಿಗೆ ಪರವಾನಗಿ ಇಲ್ರಿ. ಒಡಪಿನ ಬಗ್ಗೆ ಕಾಯ್ದೆದಾಗ ಏನೂ ಬರದಿಲ್ಲ. ನಡೀಲಿ," ಎಂದು ತೀರ್ಪು ಕೊಟ್ಟರು. ಅಂದಿನಿಂದ ಅತ್ತೆ ಪ್ರತಿ ರವಿವಾರ ಒಂದು ಹೊಸ ಒಡಪು ಕಟ್ಟುತ್ತಿದ್ದಳು.

ಜೀಪು ಹೊರಟುಹೋಯಿತು. ನನ್ನವರು ರಸ್ತೆಯಾಚೆ ಹಣ್ಣಿನ ಗಾಡಿಯ ಹತ್ತಿರ ಚೌಕಾಶಿಯಲ್ಲಿದ್ದರು. ನಾನು ಗಂಡನನ್ನು ಹೆಸರು ಹಿಡಿದೇ ಕರೆಯುವ ಕಾಲದವಳು, ನಿಜ. ಆದರೆ ಕರೆಯುವುದು ಗ್ಯಾಸ್ ಮುಗಿದಾಗ, ಕೀಲಿಕೈ ಕಳೆದಾಗ. ಹೊರಗಿದ್ದರೆ ಫೋನ್ ಒತ್ತಿ "ಎಲ್ಲಿದೀ?" ಎಂದರೆ ಮುಗಿಯಿತು. ಅಂದೂ ಫೋನ್ ತೆಗೆದಿದ್ದೆ. ಅದನ್ನು ಪರ್ಸಿಗೆ ಹಾಕಿ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಪೂರ್ತಿ ಹೆಸರು ಹಿಡಿದು ಕರೆದೆ.

ಹಣ್ಣು ಅಲ್ಲೇ ಬಿಟ್ಟು ಓಡಿ ಬಂದರು. "ಏನಾತು? ಏನು ಕಳೀತು?"

"ಏನೂ ಕಳದಿಲ್ಲ. ಸುಮ್ನ ಕರದೆ."

ನಂಬಲು ಒಂದಿಷ್ಟು ಹೊತ್ತು ಹಿಡಿಯಿತು. ಆಮೇಲೆ ಹಳಿಯಾಳದ ಬಸ್ಸು ಬರುವವರೆಗೂ ಅವರ ಮುಖದ ಮೇಲಿನ ನಗು ಹೋಗಲಿಲ್ಲ.