ಬೆನ್ನ ಹಿಂದಿನ ಕರೆಂಟು

ಮೂವತ್ತೈದು ವರ್ಷ ಕಂಬ ಹತ್ತಿ ಊರಿಗೆಲ್ಲ ಬೆಳಕು ಕೊಟ್ಟ ಲೈನ್‌ಮನ್ ಅವರು. ಓಣಿಯವರೆಲ್ಲ ಕರೆಂಟ್ ಮಾವ ಅಂತಲೇ ಕರೆಯುವುದು. ಹಾಗಾಗಿ ಅವರ ಹೆಂಡತಿ ಎಲ್ಲರಿಗೂ ಅತ್ತೆ. ನಿವೃತ್ತಿಯಾದ ಮೇಲೆ ಮಾವ ಕಾಲು ಚಾಚಿಕೊಂಡು ಪೇಪರ್ ಓದಬಹುದಿತ್ತು. ಓದಿದರಾ? ಎಲ್ಲಿಯ ಮಾತು! ಯಾರೋ ಬೇಡವೆಂದು ಬಿಟ್ಟಿದ್ದ, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಹಳೆಯ ಟ್ರೇಲರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಒಳಗೆ ಇಬ್ಬರು ಮಲಗುವ ಮಂಚ, ಅಂಗೈಯಗಲದ ಅಡುಗೆಕಟ್ಟೆ, ತುಕ್ಕು ಹಿಡಿದ ಸಿಂಕು.

"ಇದ್ರಲ್ಲಿ ನಾನು ಊರೂರು ಸುತ್ತೋದಾ? ಕನಸು ಕಾಣ್ತಾ ಇರಿ" ಎಂದರು ಅತ್ತೆ.

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅತ್ತೆಗೆ ದಿನಕ್ಕೆರಡು ಸಲ ಇನ್ಸುಲಿನ್ ಆಗಬೇಕು. ಹಿಂದೊಮ್ಮೆ ಬಿರುಬೇಸಿಗೆಯಲ್ಲಿ ಅಕ್ಕನ ಮನೆಗೆ ಹೊರಟಾಗ ದಾರಿಯಲ್ಲಿ ಐಸ್ ಕರಗಿ, ಔಷಧಿ ಕೆಟ್ಟು, ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಅಂದಿನಿಂದ ಹನ್ನೊಂದು ವರ್ಷ, ಮನೆಯ ಫ್ರಿಜ್ಜು ಬಿಟ್ಟು ಎಲ್ಲಿಯೂ ಒಂದು ರಾತ್ರಿ ತಂಗಿದವರಲ್ಲ. ಅಕ್ಕನ ಮಗಳ ಮದುವೆಗೂ ಬೆಳಿಗ್ಗೆ ಹೋಗಿ ಸಂಜೆಗೇ ವಾಪಸು ಬಂದಿದ್ದರು. ಮಾವನ ಮನಸ್ಸನ್ನು ಅದು ಕೊರೆಯುತ್ತಿತ್ತು.

ಅದಕ್ಕೇ ಹಟ ಹಿಡಿದರು. ಟ್ರೇಲರಿನ ನೆತ್ತಿಯ ಮೇಲೆ ಎರಡು ಸೋಲಾರ್ ಪ್ಯಾನೆಲ್ ಕೂರಿಸಿದರು. ಕೆಳಗೆ ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಟ್ಟು, ವೈರು ಇಳಿಯುವ ತೂತಿಗೆ ಮಳೆನೀರು ಸೋರದಂತೆ ಅಂಟು ಮೆತ್ತಿದರು. ಮಂಚದಡಿ ಬ್ಯಾಟರಿ, ಮೂಲೆಯಲ್ಲಿ ಪುಟ್ಟ ಫ್ರಿಜ್ಜು, ಬಾಗಿಲ ಪಕ್ಕದಲ್ಲಿ ಮೇನ್ ಸ್ವಿಚ್ಚು. ಗ್ಯಾರೇಜು ಇಟ್ಟಿದ್ದ ಅತ್ತೆಯ ತಮ್ಮ ಸ್ಪ್ಯಾನರ್ ಹಿಡಿದು ಜೊತೆಗೆ ನಿಂತ.

ಅತ್ತೆ ಬಂದು ಫ್ರಿಜ್ಜಿನೊಳಗೆ ಒಂದು ಬಟ್ಟಲು ಬೆಣ್ಣೆ ಇಟ್ಟರು. "ಮೂರು ದಿನ ಇದು ಗಟ್ಟಿಯಾಗಿದ್ರೆ ಬರ್ತೀನಿ. ಮೆತ್ತಗಾದ್ರೆ ಗಾಡಿ ಮಾರಿಬಿಡಿ, ಮತ್ತೆ ಆ ಸುದ್ದಿ ಎತ್ತಬಾರ್ದು."

ಎರಡು ದಿನ ಮಾವ ಊಟ, ನಿದ್ದೆ ಎಲ್ಲ ಟ್ರೇಲರಿನೊಳಗೇ ಮಾಡಿದರು. ಬೆಣ್ಣೆ ಕಲ್ಲಿನಂತಿತ್ತು. ಮೂರನೆಯ ದಿನ ಎಳೆಯುವ ಕೊಕ್ಕೆ ಸರಿಮಾಡಿಸಲು ಬೆಳಿಗ್ಗೆಯೇ ಗ್ಯಾರೇಜಿಗೆ ಹೋದವರು ಸಂಜೆ ಬಂದು ನೋಡಿದರೆ, ಬ್ಯಾಟರಿ ಭರ್ತಿ, ಫ್ರಿಜ್ಜು ಗುಂಯ್ ಅನ್ನುತ್ತಿದೆ, ಬೆಣ್ಣೆಯಲ್ಲಿ ಮಾತ್ರ ಬೆರಳಿಟ್ಟರೆ ಗೆಣ್ಣಿನ ತನಕ ಇಳಿಯುತ್ತದೆ. ಅತ್ತೆ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಬೈದಿದ್ದರೂ ಚೆನ್ನಾಗಿತ್ತು.

ಮಾವ ಇಡೀ ವೈರಿಂಗ್ ಬಿಚ್ಚಿ ಮತ್ತೆ ಕಟ್ಟಿದರು. ಮೀಟರ್ ಹಿಡಿದು ಅಂಗುಲ ಅಂಗುಲ ನೋಡಿದರು. ಎಲ್ಲವೂ ಸರಿಯಾಗಿದೆ! ಎರಡು ದಿನ ತಲೆ ಕೆರೆದುಕೊಂಡದ್ದೇ ಬಂತು. ಕೊನೆಗೆ ಗಾಡಿ ಮಾರುವುದೇ ಸೈ ಎಂದುಕೊಂಡು, ಅತ್ತೆ ಊಟಕ್ಕೆ ಕರೆದಾಗ ಜೋಲುಮುಖ ಹಾಕಿಕೊಂಡು ಕೆಳಗಿಳಿದರು. ಕನ್ನಡಕ ಮರೆತದ್ದು ನೆನಪಾಗಿ ಮತ್ತೆ ಹತ್ತಿದರು, ಮತ್ತೆ ಇಳಿದರು.

ಅತ್ತೆ ಹೊಸ್ತಿಲಲ್ಲೇ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಏನ್ರೀ, ಈಗೇನು ಮಾಡಿದ್ರಿ?"

"ಏನ್ ಮಾಡ್ದೆ? ಕನ್ನಡಕ ತಂದೆ."

"ಅದಲ್ಲ. ಇಳಿಯೋವಾಗ ಬಾಗಿಲ ಪಕ್ಕ ಕೈ ಹೋಯ್ತಲ್ಲ, ಅದು?"

ಮಾವ ತಮ್ಮ ಬಲಗೈಯನ್ನು ಬೇರೆಯವರ ಕೈ ನೋಡುವಂತೆ ನೋಡಿದರು. ಹೊರಡುವ ಮುನ್ನ ಮೇನ್ ಕೆಳಗೆ, ಬಂದ ಕೂಡಲೇ ಮೇಲೆ. ಮೂವತ್ತೈದು ವರ್ಷ ಜೀವ ಉಳಿಸಿದ ಅಭ್ಯಾಸ ಅದು, ಕೈಗೆ ಹೇಳಿಕೊಡಬೇಕಿರಲಿಲ್ಲ. ಗ್ಯಾರೇಜಿಗೆ ಹೊರಟಾಗಲೂ ಆರಿಸಿದ್ದಾರೆ, ಬಂದವರೇ ಹಾಕಿದ್ದಾರೆ, ಎರಡೂ ಗೊತ್ತೇ ಆಗಿಲ್ಲ; ದಿನವಿಡೀ ಫ್ರಿಜ್ಜು ಆರಿಯೇ ಇತ್ತು. ಅತ್ತೆ ನಗುತ್ತಾ ನಗುತ್ತಾ ಹೊಸ್ತಿಲ ಮೇಲೇ ಕುಸಿದು ಕೂತರು.

"ವೈರಿಂಗು ಸರಿಯಿದೆ ಭಾವ, ನಿಮ್ಮ ಕೈಗೇ ಒಂದು ಬೀಗ ಹಾಕ್ಬೇಕು" ಎಂದ ತಮ್ಮ, ಸುದ್ದಿ ಕೇಳಿ.

ಬೀಗ ಬೇಕಿರಲಿಲ್ಲ. ಮೇನ್ ಸ್ವಿಚ್ಚಿಗೆ ಸಿಕ್ಕಿಸದೆ, ಫ್ಯೂಸ್ ಒಂದನ್ನು ಮಾತ್ರ ಇಟ್ಟು ಫ್ರಿಜ್ಜಿನ ವೈರನ್ನು ನೇರ ಬ್ಯಾಟರಿಗೆ ಕೊಟ್ಟರಾಯಿತು. ಹತ್ತು ನಿಮಿಷದ ಕೆಲಸ. ಮಾವ ಆ ವೈರನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಕೂತರು.

"ಬೆನ್ನ ಹಿಂದೆ ಕರೆಂಟ್ ಬಿಟ್ಟು ಹೇಗೆ ಹೋಗೋದೇ? ಒಂದು ದಿನಾನೂ ಹಾಗೆ ಮಾಡಿದೋನಲ್ಲ ನಾನು."

"ನನಗೋಸ್ಕರ ಬಿಡ್ರೀ" ಎಂದರು ಅತ್ತೆ ಮೆತ್ತಗೆ.

ಮಾವ ತಿರುಪು ಬಿಗಿ ಮಾಡಿದರು.

ಬೆಣ್ಣೆಯ ಪರೀಕ್ಷೆ ಮತ್ತೆ ಮೊದಲಿನಿಂದ ನಡೆಯಿತು. ಈ ಸಲ ಮಾವ ಬೇಕೆಂದೇ ದಿನವಿಡೀ ಊರು ಸುತ್ತಿದರು. ಮೂರನೆಯ ಸಂಜೆ ಅತ್ತೆ ಬಟ್ಟಲು ಮಗುಚಿ ಹಿಡಿದರೂ ಬೆಣ್ಣೆ ಅಲುಗಾಡಲಿಲ್ಲ. ಮರುದಿನವೇ ಔಷಧಿಯನ್ನು ಪುಟ್ಟ ಫ್ರಿಜ್ಜಿಗೆ ಸಾಗಿಸಿದರು. ಎರಡು ದಿನ, ಒಂದು ಗಳಿಗೆ ಜಾಸ್ತಿ ಇಲ್ಲ ಎಂದು ಷರತ್ತು ಹಾಕಿಯೇ ಕಾರು ಹತ್ತಿದ್ದು.

ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿದರು. ಮೊದಲ ದಿನ ಅತ್ತೆ ಗಂಟೆಗೊಮ್ಮೆ ಫ್ರಿಜ್ಜು ತೆರೆದು ನೋಡಿದರು. ಎರಡನೆಯ ದಿನ ಮಧ್ಯಾಹ್ನ ಇಬ್ಬರೂ ದಂಡೆಗುಂಟ ದೂರ ನಡೆದು, ಬಿಸಿಲಲ್ಲಿ ಬೆವರಿ ಬಂದರು. ಮಾವ ನಾಳೆಯ ಪ್ರಯಾಣಕ್ಕೆ ಪಾತ್ರೆ ಕಟ್ಟತೊಡಗಿದರು. ಅತ್ತೆ ಔಷಧಿಯ ಬಾಟಲಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು, ಆಮೇಲೆ ಕೆನ್ನೆಗೆ ಒತ್ತಿಕೊಂಡರು.

"ಪಾತ್ರೆ ಬಿಚ್ಚಿಡಿ" ಎಂದರು. "ಕೆರೆಯ ಆಚೆ ದಡ ನೋಡೇ ಇಲ್ಲ ನಾವು. ಇನ್ನೊಂದು ವಾರ ಇದ್ದು ಹೋಗೋಣ."