ಅವ್ವ ಕಳಿಸಿದ ವಿಷ್ಣುಕ್ರಾಂತಿ ಬೀಜ

ಮದುವೆಯಾಗಿ ಬೀದರ ಕಡೆಯ ನಮ್ಮೂರಿನಿಂದ ನಾಸಿಕಕ್ಕೆ ಬಂದ ಮೇಲೆ ಮಳೆಗಾಲ ಬಂತೆಂದರೆ ನನಗೆ ತಲೆ ಕೆಡುತ್ತಿತ್ತು. ನಮ್ಮೂರಾಚೆ ಒಂದು ಮಡ್ಡಿ ಇತ್ತು, ಉಳುಮೆಯಿಲ್ಲದ ಬರಡು ದಿಬ್ಬ. ಬರೀ ಹುಲ್ಲು, ಮುರುಮು ಎನ್ನುವ ಕೆಂಪು ಗರಸುಮಣ್ಣು. ಎರಡು ಮಳೆ ಬಿದ್ದರೆ ಹುಲ್ಲಿನ ಸಂದಿಯಲ್ಲೆಲ್ಲ ವಿಷ್ಣುಕ್ರಾಂತಿ. ಅಂಗಿಯ ಗುಂಡಿಗಿಂತ ಚಿಕ್ಕ ನೀಲಿ ಹೂ, ಮಧ್ಯಾಹ್ನಕ್ಕೆ ಮುದುಡಿಬಿಡುತ್ತಿತ್ತು. ಅದಕ್ಕೇ ಅವ್ವ ನನ್ನನ್ನು ಬೆಳಿಗ್ಗೆಯೇ ಕರೆದೊಯ್ಯುತ್ತಿದ್ದಳು. ಈಗ ತವರಿಗೆ ಹೋಗುವುದು ಮಕ್ಕಳ ಬೇಸಿಗೆ ರಜೆಯಲ್ಲಿ, ಎರಡೇ ದಿನ. ಆ ಬಿಸಿಲಲ್ಲಿ ಮಡ್ಡಿಗೆ ಯಾರು ಹೋಗುತ್ತಾರೆ?

ನಾಸಿಕದ ಸಾತಪುರದಲ್ಲಿ ನಮ್ಮ ಬಾಡಿಗೆ ಮನೆಯ ಮುಂದೆ ಚಾಪೆಯಷ್ಟು ಜಾಗವಿತ್ತು. ಅಲ್ಲಿ ಆ ಹೂವೇ ಬೇಕೆಂದು ಹಟ ಹಿಡಿದೆ. ಶಿಫ್ಟ್ ಮುಗಿಸಿ ಬಂದ ನಮ್ಮ ಯಜಮಾನರು ನಕ್ಕರು.

"ತ್ರ್ಯಂಬಕ ರೋಡಿನ ಗುಡ್ಡದಾಗೂ ಅದೇ ಹೂ ಅದ. ಗಾಡಿ ಮ್ಯಾಲ ಹೋಗಿ ತರೋಣೇನು?"

"ಅದು ಆ ಗುಡ್ಡದ್ದರಿ. ನನಗ ನಮ್ಮ ಮಡ್ಡೀದೇ ಬೇಕು."

ನ್ಯಾಯವಿಲ್ಲದ ಮಾತು. ಆದರೂ ಅಂದೆ.

ಅವ್ವ ಹಳೇ ಸೀರೆಯ ತುಂಡಿನಲ್ಲಿ ಬೀಜ ಗಂಟು ಕಟ್ಟಿ, ಬರುವವರ ಕೈಯಲ್ಲಿ ಕಳಿಸಿದಳು. ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಕಾಕು ಅನ್ನುವವರು, ತಮ್ಮ ಗುಲಾಬಿಗೆ ಮಾಡುವಂತೆ ನಾನೂ ಸಗಣಿ ಗೊಬ್ಬರ ಹಾಕಿ ದಿನಾ ನೀರು ಹೊಯ್ದೆ. ಮೊಳಕೆಗಳು ಕೊಳೆತುಹೋದವು. ಮರುವರ್ಷ ಬಂದ ಗಂಟಿನ ಗತಿಯೂ ಅದೇ. ಮೂರನೆಯದನ್ನು ಕಳಿಸಿ ಅವ್ವ ಫೋನಿನಲ್ಲಿ ಬೈದಳು.

"ಮಡ್ಡಿಗಿ ಯಾರವ್ವ ಗೊಬ್ಬರ ಹಾಕ್ತಿದ್ರು? ಇಷ್ಟು ಉಪಚಾರ ಮಾಡಬ್ಯಾಡ ಅದಕ್ಕ."

ರಸ್ತೆ ಕೆಲಸದವರನ್ನು ಕೇಳಿ ನಾಲ್ಕು ಬುಟ್ಟಿ ಮುರುಮು ತಂದು ಸುರಿದೆ. ಕಾಕು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಬೀಜ ಚೆಲ್ಲಿ ಸುಮ್ಮನಾದೆ. ಆಷಾಢ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಏಳು ಹೂ ಅರಳಿದ್ದವು. ಒಲೆ ಮೇಲಿನ ಹಾಲು ಉಕ್ಕುತ್ತಿದ್ದರೂ ಬಿಟ್ಟು ಫೋನು ಹಚ್ಚಿದೆ.

"ಅವ್ವ, ಹೂ ಬಿಟ್ಟಾವ! ಈ ಸಲ ಪಂಚಮಿಗೇ ಬರ್ತೀನಿ. ಇಬ್ಬರೂ ಮಡ್ಡಿಗಿ ಹೋಗೋಣು."

ಅವ್ವ ಆಗ ಹೇಳಿದಳು.

"ಮಡ್ಡಿ ಎಲ್ಲದವ್ವ? ಪ್ಲಾಟ್ ಮಾಡಿ ಮೂರು ವರ್ಷ ಆತು. ಜೆಸಿಬಿ ಬರೋಕಿಂತ ಮೊದಲು ಬೀಜ ಆರಿಸಿಟ್ಟಿದ್ದೆ. ಅಷ್ಟೂ ನಿನಗೇ ಕಳಿಸೀನಿ."

ಅದರಲ್ಲಿ ಎರಡು ಗಂಟು ನಾನು ಕೊಳೆಸಿದ್ದೆ. ಆಗಲೂ ಅವಳು ಮಡ್ಡಿ ಹೋದ ಸುದ್ದಿ ಹೇಳಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ಅಳಬ್ಯಾಡ," ಎಂದಳು. "ಬೀಜ ಆದ ಮ್ಯಾಲ ನನಗೊಂದು ಚಿಟಿಕಿ ತೊಗೊಂಡು ಬಾ. ನನಗೂ ನೋಡಬೇಕು ಅನಸ್ತದ."