ಖಾಲಾಗೆ ಬೇಕಾದ ನಲವತ್ತು ದಿನ

ಗೆಳೆಯರೇ, ಇವತ್ತು ಬೆಳಿಗ್ಗೆ ಪಕ್ಕದ ಮನೆಗೆ ಬಂದಿರುವ ಜುಬೇದಾ ಖಾಲಾ ಜೊತೆ ಶಿರಾದ ಠಾಣೆಗೆ ಹೋಗಿದ್ದೆ. ಕರಾಚಿಯಲ್ಲಿ ಮಗನ ಹತ್ತಿರ ಇರುವ ಆಕೆ ಚಳಿಗಾಲ ಕಳೆಯಲೆಂದು ಮೂರು ತಿಂಗಳ ವೀಸಾ ಪಡೆದು ಇಲ್ಲಿನ ಮಗಳ ಮನೆಗೆ ಬಂದವರು. ಇನ್ನು ಉಳಿದಿರುವುದು ಹತ್ತೇ ದಿನ. ಮಗಳಿಗೆ ಒಂಬತ್ತು ತಿಂಗಳು ತುಂಬುತ್ತಿದೆ. ಹೆರಿಗೆಯಾಗಿ ನಲವತ್ತು ದಿನದ ಬಾಣಂತನ ಮುಗಿಸದೆ ಯಾವ ತಾಯಿ ಹೊರಡುತ್ತಾಳೆ?

ದಫೇದಾರರು ಕಾಗದ ನೋಡಿ, “ಇದು ಬರೀ ನೋಡ್ಕೊಂಡು ಹೋಗೋ ವೀಸಾ ಕಣಮ್ಮ. ಮೂರು ತಿಂಗಳು ಶಿರಾ ನೋಡಿದ್ದು ಸಾಲ್ದಾ?” ಎಂದರು.

“ನೋಡೋಕೆ ಬಂದಿದ್ದು ಇನ್ನೂ ಹುಟ್ಟೇ ಇಲ್ವಲ್ಲ ಬೇಟಾ,” ಎಂದರು ಖಾಲಾ.

ದಫೇದಾರರಿಗೆ ನಗು ಬಂತು. “ಕಾಯಿಲೆ ಇದ್ರೆ ಮಾತ್ರ ದಿನ ಹೆಚ್ಚಿಸ್ತಾರೆ. ಹಲ್ಲುನೋವು ಅಂತ ಬರೀಲಾ?”

“ಹಲ್ಲೆಲ್ಲೈತೆ?”

“ಮಂಡಿನೋವು ಅನ್ನಲಾ?”

“ಬ್ಯಾಡಪ್ಪ. ತುಂಬಿದ ಬಸುರಿ ಇರೋ ಮನೆ. ಕಾಗದದಲ್ಲೂ ಕಾಯಿಲೆ ಅನ್ನೋ ಮಾತು ಬರಬಾರ್ದು.”

ನಾನು ಹಣೆ ಚಚ್ಚಿಕೊಂಡೆ. ದಫೇದಾರರು ಮಾತ್ರ ಅರ್ಜಿಯಲ್ಲಿ ಕಾರಣ ಎಂಬಲ್ಲಿ ‘ಮಗಳ ಬಾಣಂತನ’ ಎಂದೇ ಬರೆದರು.

“ಇದಕ್ಕೆ ಕಾನೂನಲ್ಲಿ ಜಾಗ ಇಲ್ಲ ಕಣಮ್ಮ. ಆದ್ರೆ ಅರ್ಜಿ ತುಮಕೂರಿಗೆ ಹೋಗ್ಬೇಕು, ಅಲ್ಲಿಂದ ಬೆಂಗಳೂರಿಗೆ, ಆಮೇಲೆ ದಿಲ್ಲಿಗೆ. ಉತ್ತರ ಬರೋಗಂಟ ನಿಮ್ಮನ್ನ ಯಾರೂ ಕಳ್ಸಂಗಿಲ್ಲ. ಆಗಲ್ಲ ಅಂತ ಬರೋ ಹೊತ್ಗೆ ಕೂಸು ಕವುಚ್ಕೊಂಡಿರುತ್ತೆ ಬುಡಿ.”

ಸರ್ಕಾರದ ಕಾಗದ ಆದಷ್ಟು ನಿಧಾನವಾಗಿ ಹೋಗಲಿ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದು ಇದೇ ಮೊದಲು.